ಏಕ್ಮಿಯಾ ಚಾಂಟಿನಿ: ಕುಂಡದಲ್ಲೋ, ಮರದ ಮೇಲೋ?

ಏಕ್ಮಿಯಾ ಚಾಂಟಿನಿ ಅಮೆಜಾನ್ ಮಳೆಕಾಡಿನ ಎತ್ತರದ ಕೊಂಬೆಗಳ ಮೇಲೆ ಬೆಳೆಯುವ ಬ್ರೊಮೀಲಿಯಡ್, ಅಂದರೆ ಅನಾನಸ್ ಕುಟುಂಬದ ಗಿಡ. ಬೇರಿಗೆ ಮುಖ್ಯ ಕೆಲಸ ಕೊಂಬೆಯನ್ನು ಹಿಡಿದುಕೊಳ್ಳುವುದು. ನೀರನ್ನೂ ಪೋಷಕಾಂಶವನ್ನೂ ಹೆಚ್ಚಾಗಿ ಎಲೆಗಳೇ ತಮ್ಮ ಬುಡದ ತೊಟ್ಟಿಯಿಂದ, ಅಂದರೆ ಎಲೆಬುಡಗಳು ಸೇರಿ ಆದ ನೀರು ನಿಲ್ಲುವ ಬಟ್ಟಲಿನಿಂದ, ಹೀರುತ್ತವೆ. ಹಾಗಾಗಿ ಮಣ್ಣು-ಗೊಬ್ಬರ ತುಂಬಿದ ಕುಂಡವನ್ನು ಪಟ್ಟಿಯಿಂದಲೇ ತೆಗೆದುಹಾಕಿ. ಮಳೆಗಾಲದಲ್ಲಿ ಮಣ್ಣು ಆರದೆ ಬುಡ ಕೊಳೆಯುತ್ತದೆ, ಸುಳಿ ಎಳೆದರೆ ಕೈಗೇ ಬರುತ್ತದೆ.

ಉಳಿದದ್ದು ಎರಡು: ತೆಂಗಿನ ಸಿಪ್ಪೆ ತುಂಬಿದ ಕುಂಡ, ಇಲ್ಲವೇ ಮರ. ಮೊದಲು ಸಿಪ್ಪೆಯ ಕುಂಡ. ಒಂದಿಂಚಿನ ತುಂಡು ಎರಡು ಪಾಲು, ಇದ್ದಿಲು ಒಂದು ಪಾಲು. ಸಿಪ್ಪೆಯನ್ನು ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ. ಉಪ್ಪು ಉಳಿದರೆ ಎಲೆತುದಿ ಸುಟ್ಟಂತಾಗುತ್ತದೆ. ಗಿಡಕ್ಕೆ ತಲೆಭಾರ ಜಾಸ್ತಿ, ಪ್ಲಾಸ್ಟಿಕ್ ಕುಂಡ ಉರುಳುತ್ತದೆ, ಸುಟ್ಟ ಮಣ್ಣಿನಿಂದ ಮಾಡಿದ ಭಾರದ ಕುಂಡವೇ ಸರಿ. ಬೆಂಗಳೂರಿನ ಬೇಸಿಗೆಗೆ ಇದು ಒಳ್ಳೆಯದು: ವಾರಕ್ಕೆರಡು ಸಲ ನೀರು ಸಾಕು. ಆದರೆ ಈ ಜಾತಿಯ ಕಂದುಗಳು, ಅಂದರೆ ತಾಯಿಗಿಡದಿಂದ ಹೊರಡುವ ಮರಿಗಿಡಗಳು, ಉದ್ದ ಕಾಂಡದ ತುದಿಯಲ್ಲಿ ಬರುತ್ತವೆ. ಕುಂಡದ ಅಂಚು ದಾಟಿ ಗಾಳಿಯಲ್ಲಿ ನೇತಾಡುತ್ತವೆ, ಅವುಗಳ ಬೇರಿಗೆ ಹಿಡಿತ ಸಿಗುವುದಿಲ್ಲ.

ಮರದ ಮೇಲೆ ಈ ತೊಡಕೇ ಇಲ್ಲ, ಕಂದು ಹೋದಲ್ಲೇ ಕಚ್ಚಿಕೊಳ್ಳುತ್ತದೆ. ಕರಾವಳಿ, ಮಲೆನಾಡಿನವರಿಗೆ ನಮ್ಮ ಸಲಹೆ ಇದೇ. ತಾಯಿಗಿಡದ ಮೂರನೇ ಒಂದರಷ್ಟು ಬೆಳೆದ ಕಂದನ್ನು ಕತ್ತರಿಸಿ, ಗಾಯ ಒಣಗಲು ಎರಡು ದಿನ ನೆರಳಲ್ಲಿಡಿ. ಒರಟು ತೊಗಟೆಯ ಮಾವು ಅಥವಾ ಹಲಸಿಗೆ ಹಳೆಯ ಬನಿಯನ್ ಬಟ್ಟೆಯ ಪಟ್ಟಿಯಿಂದ ಕಟ್ಟಿ. ತೊಟ್ಟಿಯ ಬಾಯಿ ಮೇಲಕ್ಕಿರಲಿ. ಬಿಗಿಯಾಗಿ ಕಟ್ಟಿ: ಗಿಡ ಅಲ್ಲಾಡಿದರೆ ಎಳೆ ಬೇರಿನ ತುದಿ ಮುರಿದು, ತಿಂಗಳುಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಮಾತ್ರ ದಿನಾ ನೀರು ಚಿಮುಕಿಸಬೇಕು.

ತಾಮ್ರದ ತಂತಿಯಿಂದ ಎಂದೂ ಕಟ್ಟಬೇಡಿ. ಬ್ರೊಮೀಲಿಯಡ್‌ಗಳಿಗೆ ತಾಮ್ರ ವಿಷ. ಅಡಿಕೆ ಮರಕ್ಕೆ ಕಟ್ಟುವ ಆಸೆ ಸಹಜ, ಕಾಂಡ ನೆಟ್ಟಗಿದೆ, ನೆರಳೂ ಹದವಾಗಿದೆ. ಆದರೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರವೇ. ಅದು ಗೊನೆಯಿಂದ ತೊಟ್ಟಿಕ್ಕಿ ನೇರ ತೊಟ್ಟಿಗೆ ಬೀಳುತ್ತದೆ. ಔಷಧಿ ಹೊಡೆಯುವ ತೋಟದಲ್ಲಿ ಕಟ್ಟಲೇಬೇಡಿ.

ಎರಡಕ್ಕೂ ಗೊಬ್ಬರ ಒಂದೇ: ದ್ರವಗೊಬ್ಬರವನ್ನು ಪೊಟ್ಟಣದಲ್ಲಿ ಹೇಳಿದ್ದರ ಕಾಲು ಭಾಗಕ್ಕೆ ತೆಳು ಮಾಡಿ, ತಿಂಗಳಿಗೊಮ್ಮೆ ಎಲೆಗೆ ಚಿಮುಕಿಸಿ. ತೊಟ್ಟಿಯ ನೀರನ್ನು ನಾಲ್ಕು ದಿನಕ್ಕೊಮ್ಮೆ ಪೈಪಿನಿಂದ ರಭಸವಾಗಿ ಹೊಸ ನೀರು ಬಿಟ್ಟು ಹೊರಚೆಲ್ಲಿ, ಇಲ್ಲವಾದರೆ ಡೆಂಗಿ ಸೊಳ್ಳೆ ಮರಿ ಮಾಡುತ್ತದೆ. ಇದರಲ್ಲಿ ಕುಂಡಕ್ಕೆ ಒಂದು ಅನುಕೂಲವಿದೆ, ಎತ್ತಿ ಬಗ್ಗಿಸಿದರೆ ತೊಟ್ಟಿ ಖಾಲಿ. ಡಿಸೆಂಬರ್‌ ಚಳಿಯಲ್ಲಿ ರಾತ್ರಿ 12 ಡಿಗ್ರಿಗಿಂತ ಕೆಳಗಿಳಿಯುವ ಊರಲ್ಲಿ ಒಳಗೆ ತಂದಿಡಬಹುದಾದದ್ದೂ ಕುಂಡವೇ.