ಅಮ್ಮನ ‘ಹಾಸನಾಂಬೆ ಇಂಜೆಕ್ಷನ್’ ಮತ್ತು ಮೂರು ದಿನದ ಫಿಕ್ಸ್ ಹಲ್ಲು

ಅರವತ್ತು ದಾಟಿದ ಅಮ್ಮನಿಗೋ ಅತ್ತೆಗೋ ಫಿಕ್ಸ್ ಹಲ್ಲು ಹಾಕಿಸಬೇಕು ಅಂತ ಓಡಾಡುತ್ತಿದ್ದೀರಾ? ಅವರು ಯಾವತ್ತಾದರೂ ಮೂಳೆಗೆ ಔಷಧಿ ತಗೊಂಡಿದ್ದಾರಾ? ಹಾಗಿದ್ದರೆ ಅಡ್ವಾನ್ಸ್ ಕಟ್ಟುವ ಮೊದಲು ಇದನ್ನೊಂದು ಸಲ ಓದಿ. ನಮ್ಮ ಮನೆಯಲ್ಲಿ 1,05,000 ರೂಪಾಯಿ ಹೋಯಿತು, ಹತ್ತು ತಿಂಗಳು ಹೋಯಿತು, ಅಮ್ಮನ ದವಡೆಯದೇ ಒಂದು ಚೂರು ಹೋಯಿತು. ಕ್ಲಿನಿಕ್ಕಿನ ಹೆಸರು ಬರೆಯುವುದಿಲ್ಲ, ಕೇಳಲೂಬೇಡಿ. ಹಾಸನದಲ್ಲೇ ಇದೆ. ಆ ಒಂದು ಬಾಗಿಲು ತಪ್ಪಿಸಿಕೊಂಡ ಮಾತ್ರಕ್ಕೆ ನೀವು ಪಾರಾದಿರಿ ಅಂತಲೂ ಅಲ್ಲ.

2019ರ ಶ್ರಾವಣದ ಮಳೆ ನೆನಪಿರಬಹುದು. ಆಲೂರು ಕಡೆಯ ನಮ್ಮೂರ ಮನೆಯಲ್ಲಿ ಅಂಗಳ ಪೂರ್ತಿ ಪಾಚಿ. ಬೆಳಿಗ್ಗೆ ಹಟ್ಟಿಗೆ ಹೊರಟ ಅಮ್ಮ ಜಾರಿ ಕೈ ಊರಿಕೊಂಡು ಬಿದ್ದಳು, ಬಲಗೈ ಮಣಿಕಟ್ಟು ಮುರಿಯಿತು. ನಿಂತಲ್ಲಿಂದ ಬಿದ್ದಿದ್ದಕ್ಕೇ ಮೂಳೆ ಮುರಿದರೆ ಸುಮ್ಮನಿರಬಾರದು ಅಂತ ಮೂಳೆ ಡಾಕ್ಟರು ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಬೆನ್ನುಮೂಳೆಯ ಟಿ-ಸ್ಕೋರ್ ಮೈನಸ್ 3.1 ಬಂತು. ಮೈನಸ್ 2.5 ಮತ್ತು ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೊಪೊರೋಸಿಸ್ ಅನ್ನುತ್ತಾರೆ. ನಮ್ಮ ಕಡೆ ಮಂಡಿನೋವಿಗೂ ‘ಮೂಳೆ ಸವೆತ’ ಅಂತಾರೆ, ಇದಕ್ಕೂ ‘ಮೂಳೆ ಸವೆತ’ ಅಂತಾರೆ. ಎರಡೂ ಬೇರೆ. ಮಂಡಿಯದು ಕೀಲಿನ ಸವೆತ, ಇದು ಮೂಳೆ ಒಳಗೊಳಗೇ ಟೊಳ್ಳಾಗುವುದು. ನೋವಿರಲ್ಲ, ಮುರಿದಾಗಲೇ ಗೊತ್ತಾಗುವುದು.

ಆ ವರ್ಷ ಅಕ್ಟೋಬರಿನಲ್ಲಿ ಮೊದಲ ಡ್ರಿಪ್. ಜೊಲೆಡ್ರೋನಿಕ್ ಆಸಿಡ್, 5 ಮಿಲಿಗ್ರಾಂ, ವರ್ಷಕ್ಕೊಂದೇ ಸಲ. ಮೊದಲ ಸಲ ಎರಡು ದಿನ ಜ್ವರ, ಮೈಕೈ ನೋವು. ಅದು ಬಿಟ್ಟರೆ ಏನೂ ಇಲ್ಲ. ಹಾಸನಾಂಬೆ ಗುಡಿ ಬಾಗಿಲು ತೆಗೆಯುವ ಹೊತ್ತಿಗೇ ಇದೂ ಬರುತ್ತಿದ್ದರಿಂದ ಅಮ್ಮ ಅದಕ್ಕೆ ‘ಹಾಸನಾಂಬೆ ಇಂಜೆಕ್ಷನ್’ ಅಂತ ಹೆಸರಿಟ್ಟಳು. ವರ್ಷಕ್ಕೊಮ್ಮೆ ದರ್ಶನ, ಆಮೇಲೆ ಮರೆತುಬಿಡೋದು. 2019, 2020, 2021, 2022, ಹೀಗೆ ನಾಲ್ಕಾಯಿತು. 2023ರಲ್ಲಿ ಅಣ್ಣನ ಮಗಳ ಮದುವೆ ಗಲಾಟೆಯಲ್ಲಿ ಹೋಗಲಾಗಲಿಲ್ಲ.

ಮದುವೆಯ ಫೋಟೋ ನೋಡಿದ ಮೇಲೆ ಹಲ್ಲಿನ ವಿಷಯ ಎದ್ದದ್ದು. ಮೇಲೆ ಬಲಗಡೆ ಎರಡು ದವಡೆ ಹಲ್ಲು ಬಿದ್ದು ವರ್ಷಗಳಾಗಿದ್ದವು. ಕೆಳಗೆ ಎಡಗಡೆ ಒಂದು ಮುರಿದು ಬೇರು ಮಾತ್ರ ಉಳಿದಿತ್ತು. “ನಂಗೆ ತೆಗೆದು ಹಾಕೋ ಸೆಟ್ಟೇ ಸಾಕು ಕಣೇ. ರೊಟ್ಟಿ ತಿನ್ನೋಕೆ ಯಾರಾದ್ರೂ ಲಕ್ಷ ಕೊಡ್ತಾರಾ?” ಅಂದಳು ಅಮ್ಮ. ನಾನೇ ಹಟ ಹಿಡಿದೆ. ಮೂರೇ ದಿನದಲ್ಲಿ ಫಿಕ್ಸ್ ಹಲ್ಲು ಅನ್ನುವ ಬೋರ್ಡು ದಿನಾ ಆಫೀಸಿಗೆ ಹೋಗುವಾಗ ಕಣ್ಣಿಗೆ ಬೀಳುತ್ತಿತ್ತು. ಪೂರ್ತಿ ಹಣ ಮೊದಲೇ ಕಟ್ಟಿದರೆ ರಿಯಾಯಿತಿ. ಕಟ್ಟಿದೆ.

ಈಗ ಆ ಕೌಂಟರಿನ ಎದುರು ನಡೆದದ್ದನ್ನು ಗಮನವಿಟ್ಟು ಓದಿ. ಕಾರ್ಡ್ ಬರೆಯುತ್ತಿದ್ದ ಹುಡುಗಿ ಸಾಲಾಗಿ ಕೇಳಿದಳು: ಬಿಪಿ? ಶುಗರ್? ಥೈರಾಯ್ಡ್? ಹಾರ್ಟು? ಆಮೇಲೆ, “ಬೇರೆ ಏನಾದ್ರೂ ಮಾತ್ರೆ ತಗೋತೀರಾ ಅಜ್ಜಿ?” ಅಮ್ಮ, “ಬಿಪಿ ಮಾತ್ರೆ ಒಂದೇ ಕಣವ್ವ” ಅಂದಳು. ಸುಳ್ಳೇನಲ್ಲ. ಡ್ರಿಪ್ ಮಾತ್ರೆ ಅಲ್ಲವಲ್ಲ! ನಾನು ಪಕ್ಕದಲ್ಲೇ ಕೂತು ಮೊಬೈಲ್ ನೋಡುತ್ತಿದ್ದೆ, ನನಗೂ ಹೊಳೆಯಲಿಲ್ಲ. ಒಳಗೆ ಹೋದ ಮೇಲೆ ಡಾಕ್ಟರು ಆ ಕಾರ್ಡ್ ನೋಡಿದರೇ ಹೊರತು ಬಾಯಿಬಿಟ್ಟು ಏನೂ ಕೇಳಲಿಲ್ಲ. ಇಡೀ ದವಡೆ ಒಂದೇ ಚಿತ್ರದಲ್ಲಿ ಬರುವ ಒಪಿಜಿ ಎಕ್ಸ್‌ರೇ ತೆಗೆದರು, ಇಂಗ್ಲಿಷಿನ ಎರಡು ಪುಟಕ್ಕೆ ಅಮ್ಮನ ಸಹಿ ಹಾಕಿಸಿದರು. ಡಿಸೆಂಬರ್ ಎರಡನೇ ವಾರ ಮೇಲಿನ ದವಡೆಗೆ ಎರಡು ತಿರುಪು, ಅಂದರೆ ಹಲ್ಲಿನ ಬೇರಿನ ಬದಲು ಮೂಳೆಗೆ ಹಾಕುವ ಇಂಪ್ಲಾಂಟ್, ಕೂರಿಸಿದರು. ಕೆಳಗಿನ ಬೇರು ಕಿತ್ತು ಅದೇ ಗುಳಿಯೊಳಗೆ ಮೂರನೆಯದನ್ನೂ ಕೂರಿಸಿದರು. ಹೇಳಿದ ಮಾತಿನಂತೆ ಮೂರನೇ ದಿನ ಮೂರಕ್ಕೂ ಕ್ಯಾಪ್ ಬಂತು. ಕನ್ನಡಿ ಮುಂದೆ ಅಮ್ಮ ಸ್ವಲ್ಪ ಹೊತ್ತು ನಿಂತಿದ್ದಳು, ಅಷ್ಟು ಖುಷಿ.

ಸಂಕ್ರಾಂತಿವರೆಗೆ ಎಲ್ಲ ಸರಿ ಇತ್ತು. ಎಳ್ಳು ಬೆಲ್ಲದ ಕೊಬ್ಬರಿ ಚೂರು ಕಡಿದಾಗ ಮೇಲಿನ ಹಲ್ಲು ಅಲ್ಲಾಡಿತು. ನಾಲ್ಕು ದಿನಕ್ಕೆ ಒಂದು ತಿರುಪು ಕ್ಯಾಪ್ ಸಮೇತ ಕೈಗೆ ಬಂತು. ರಕ್ತ ಇಲ್ಲ, ನೋವಿಲ್ಲ, ಒದ್ದೆ ಮಣ್ಣಿನಿಂದ ಗೂಟ ಕಿತ್ತ ಹಾಗೆ. ಅದೇ ವಾರ ಇನ್ನೊಂದೂ ಹೋಯಿತು. ಕೆಳಗಿನದು ಮಾತ್ರ ಗಟ್ಟಿಯಾಗಿಯೇ ಇತ್ತು, ಆದರೆ ಪಕ್ಕದ ವಸಡು ಕೂಡಿಕೊಂಡಿರಲಿಲ್ಲ. “ಕೊಬ್ಬರಿ ಚೂರು ಸಿಕ್ಕಿಕೊಂಡದೆ” ಅಂತ ಅಮ್ಮ ಹದಿನೈದು ದಿನ ಕಡ್ಡಿಯಲ್ಲಿ ಮೀಟುತ್ತಲೇ ಇದ್ದಳು. ಒಂದು ರಾತ್ರಿ ನಾನು ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ನುಚ್ಚಕ್ಕಿಯಷ್ಟು ಗಾತ್ರ, ಬಿಳಿ ಮಿಶ್ರಿತ ಹಳದಿ, ನಿಜವಾಗಿಯೂ ಹಳೇ ಕೊಬ್ಬರಿಯ ಬಣ್ಣವೇ. ಹತ್ತಿ ಸುತ್ತಿದ ಕಡ್ಡಿಯಿಂದ ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿ, ಕದಲಲಿಲ್ಲ. ಅಮ್ಮನಿಗೆ ಮುಟ್ಟಿದ್ದೇ ಗೊತ್ತಾಗಲಿಲ್ಲ. ಅದು ಅವಳ ದವಡೆ ಮೂಳೆ.

ಕ್ಲಿನಿಕ್ಕಿಗೆ ಆರು ಸಲ ಹೋದೆವು. ಆಂಟಿಬಯಾಟಿಕ್, ಜೆಲ್, ಒಂದು ಸಲ ಕೆರೆದು ಸ್ವಚ್ಛ ಮಾಡಿದ್ದು. ಕೆರೆದ ಮೇಲೆ ಅಗಲ ಇನ್ನೂ ಜಾಸ್ತಿ ಆಯಿತು. ಕೊನೆಗೆ ಬಂದ ಮಾತು: “ನಿಮ್ಮಮ್ಮನ ಮೂಳೆನೇ ವೀಕು, ನಾವೇನು ಮಾಡೋಣ?” ನನಗೆ ಇವತ್ತಿಗೂ ಉರಿಯುವುದು ಆ ಮಾತು. ಮೂಳೆ ವೀಕು ಅಂತ ತಿಳಿದುಕೊಳ್ಳುವ ಸಮಯ ತಿರುಪು ಹಾಕುವ ಮೊದಲಿತ್ತು, ಹಣ ಎಣಿಸಿಕೊಳ್ಳುವ ಮೊದಲಿತ್ತು.

ಮಾರ್ಚ್ ಕೊನೆಗೆ ಬೆಂಗಳೂರಿನ ಒಂದು ದಂತ ಕಾಲೇಜಿಗೆ ಕರೆದುಕೊಂಡು ಹೋದೆ. ದವಡೆ ಶಸ್ತ್ರಚಿಕಿತ್ಸೆಯ ಹಿರಿಯ ಡಾಕ್ಟರು ಬಾಯಿ ತೆರೆಸುವ ಮೊದಲೇ ಕೇಳಿದರು: “ಅಮ್ಮಾ, ಮೂಳೆಗೆ ಅಂತ ಯಾವತ್ತಾದ್ರೂ ಇಂಜೆಕ್ಷನ್ನೋ ಡ್ರಿಪ್ಪೋ ಹಾಕಿಸಿಕೊಂಡಿದ್ದೀರಾ?” “ಹೂಂ ಸಾರ್, ಹಾಸನಾಂಬೆ ಇಂಜೆಕ್ಷನ್” ಅಂದಳು ಅಮ್ಮ. ಪಕ್ಕದಲ್ಲಿದ್ದ ಪಿಜಿ ಹುಡುಗರು ಮುಖ ಮುಖ ನೋಡಿಕೊಂಡರು. ನಾನು ಬಿಡಿಸಿ ಹೇಳಿದೆ.

ಅವರು ಹೇಳಿದ್ದರಲ್ಲಿ ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಅಮ್ಮನ ಬಾಯಲ್ಲಿ ಸೋತದ್ದು ಎರಡು ಬೇರೆ ಬೇರೆ ವಿಷಯ, ಎರಡಕ್ಕೂ ‘ಮೂಳೆ ವೀಕು’ ಅನ್ನುವ ಒಂದೇ ಚೀಟಿ ಅಂಟಿಸಬಾರದು.

ಮೇಲಿನ ಎರಡು ಬಿದ್ದದ್ದು ಅವಸರದಿಂದ. ಈ ತಿರುಪು ಟೈಟೇನಿಯಂದು. ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನುವ ವಿಜ್ಞಾನಿ 1952ರಲ್ಲಿ ಮೊಲದ ಕಾಲಿನ ಮೂಳೆಯೊಳಗೆ ಟೈಟೇನಿಯಂ ಉಪಕರಣ ಇಟ್ಟು, ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲವಂತೆ. ಮೂಳೆ ಅದನ್ನು ತನ್ನದೇ ಅಂತ ಅಪ್ಪಿಕೊಂಡಿತ್ತು. 1965ರಲ್ಲಿ ಅವರು ಮೊದಲ ಸಲ ಮನುಷ್ಯನ ದವಡೆಗೆ ಹಾಕಿದರು. ಆದರೆ ಈ ಅಪ್ಪುಗೆ ಹಾಕಿದ ದಿನವೇ ಆಗುವುದಿಲ್ಲ. ಮೊದಲ ದಿನದ ಬಿಗಿ ಬರೀ ಮರಕ್ಕೆ ತಿರುಪು ಹೊಡೆದ ಬಿಗಿ. ಆಮೇಲೆ ದೇಹ ಒತ್ತಿಹೋದ ಹಳೇ ಮೂಳೆಯನ್ನು ಕರಗಿಸಿ ಹೊಸದನ್ನು ಕಟ್ಟುತ್ತೆ. ಹಳೆಯದು ಸಡಿಲಾಗಿ ಹೊಸದು ಇನ್ನೂ ಬಲಿಯದ ಮೂರು ನಾಲ್ಕನೇ ವಾರದ ಹೊತ್ತೇ ಎಲ್ಲಕ್ಕಿಂತ ನಾಜೂಕು. ಮೇಲಿನ ದವಡೆಯ ಹಿಂಭಾಗ ಎಲ್ಲರಿಗೂ ಮೆದು; ಮೂಳೆ ಟೊಳ್ಳಾದವರಿಗೆ ಅಲ್ಲಿ ಹಿಡಿತ ಇನ್ನೂ ಕಡಿಮೆ ಇರಬಹುದು. ತೋಟದವರಿಗೆ ಹೇಳುವುದಾದರೆ, ಬೀಟೆ ಮರ ಅಂದುಕೊಂಡು ಹಾಲುವಾಣಕ್ಕೆ ತಿರುಪು ಹಾಕಿ ಮೂರನೇ ದಿನವೇ ಅದಕ್ಕೆ ಮೂಟೆ ನೇತುಹಾಕಿದ ಹಾಗೆ. ಗಟ್ಟಿ ಮೂಳೆಯವರಿಗೆ ಬೇಗ ಕ್ಯಾಪ್ ಹಾಕುವುದು ಉಂಟು, ತಪ್ಪೇನಿಲ್ಲ. ಅಮ್ಮನಂಥವರಿಗೆ ಮೇಲೆ ಆರು ತಿಂಗಳಾದರೂ ಭಾರ ಬೀಳದಂತೆ ಬಿಡಬೇಕಿತ್ತು, ರಂಧ್ರವನ್ನು ತಿರುಪಿಗಿಂತ ಇನ್ನಷ್ಟು ಕಿರಿದಾಗಿ ಕೊರೆದು ಬಿಗಿ ಮಾಡಿಕೊಳ್ಳಬೇಕಿತ್ತು ಅಂದರು. ಮೊದಲು ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸಬೇಕಿತ್ತು. ಒಪಿಜಿ ಚಪ್ಪಟೆ ಚಿತ್ರ, ಮೂಳೆಯ ದಪ್ಪ ಅದರಲ್ಲಿ ಸಿಗುವುದಿಲ್ಲ.

ಕೆಳಗಿನದರ ಕಥೆ ಬೇರೆ. ನಮ್ಮ ಮೂಳೆಯನ್ನು ಸದಾ ಒಂದು ಕಡೆ ಕೆಡವುವ, ಒಂದು ಕಡೆ ಕಟ್ಟುವ ಜೀವಕೋಶಗಳಿವೆ. ಡ್ರಿಪ್ಪಿನ ಔಷಧಿ ಕೆಡವುವವರ ಕೈ ಕಟ್ಟಿಹಾಕುತ್ತೆ, ಅದಕ್ಕೇ ಸೊಂಟ, ಬೆನ್ನು ಮುರಿಯುವುದು ಕಡಿಮೆಯಾಗುವುದು. ಆದರೆ ಹಲ್ಲು ಕಿತ್ತ ಗುಳಿ ಮಾಯಬೇಕಾದರೆ ಕೆಡವುವ ಕೆಲಸವೂ ನಡೆಯಬೇಕು. ಮನೆ ರಿಪೇರಿಗೆ ಹಳೇ ಗೋಡೆ ಒಡೆಯುವವರೇ ಬರದಿದ್ದರೆ ಗಾರೆಯವನು ಬಂದು ಏನು ಮಾಡ್ತಾನೆ? ಮೇಲಿಂದ ಬಾಯಿ ತುಂಬ ಕ್ರಿಮಿ, ಮೂಳೆಯ ಮೇಲೆ ತೆಳು ವಸಡು. ಔಷಧಿಯಂತೂ ಮೂಳೆಗೆ ಅಂಟಿಕೊಂಡು ವರ್ಷಗಟ್ಟಲೆ ಉಳಿಯುತ್ತೆ. ‘ಹೋದ ವರ್ಷ ಹಾಕಿಸಲಿಲ್ಲ’ ಅನ್ನುವುದು ಲೆಕ್ಕಕ್ಕೇ ಬರಲ್ಲ. ಈ ಔಷಧಿ ತಗೊಂಡವರಿಗೆ, ದವಡೆಗೆ ರೇಡಿಯೇಷನ್ ಆಗಿಲ್ಲದಿದ್ದು, ಮೂಳೆ ಎಂಟು ವಾರ ಮೀರಿ ಹೊರಗೆ ಕಾಣುತ್ತಿದ್ದರೆ ಅದಕ್ಕೆ ಎಂ.ಆರ್.ಓ.ಎನ್.ಜೆ., ಅಂದರೆ ಔಷಧಿಯಿಂದಾಗಿ ದವಡೆ ಮೂಳೆ ಸಾಯುವುದು, ಅನ್ನುತ್ತಾರೆ. ವೈದ್ಯ ಪತ್ರಿಕೆಗಳಲ್ಲಿ ಇದರ ಸುದ್ದಿ ಬಂದದ್ದೇ 2003ರಲ್ಲಿ. ಇಪ್ಪತ್ತು ವರ್ಷದ ಮೇಲೆ ಒಬ್ಬ ಹಲ್ಲಿನ ಡಾಕ್ಟರು ಒಂದು ಪ್ರಶ್ನೆ ಕೇಳಿರಲಿ ಅಂತ ನಾವು ಬಯಸುವುದು ಅತಿಯೇ?

ಇದನ್ನು ಕೇಳಿದ ನಮ್ಮ ಚಿಕ್ಕಮ್ಮ ಏನು ಮಾಡಿದರು ಗೊತ್ತಾ? ಅವರು ಪ್ರತಿ ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಗೆ ತಗೊಳ್ಳುತ್ತಿದ್ದ, ಇದೇ ಗುಂಪಿನ ಮೂಳೆ ಔಷಧಿಯಾದ ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆಯನ್ನು ಆವತ್ತೇ ಕಸದ ಬುಟ್ಟಿಗೆ ಹಾಕಿದರು. ದಯವಿಟ್ಟು ಹಾಗೆ ಮಾಡಬೇಡಿ. ಮೂಳೆ ಸವೆತಕ್ಕೆ ಈ ಔಷಧಿ ತಗೊಳ್ಳುವವರಲ್ಲಿ ದವಡೆಗೆ ಹೀಗಾಗುವುದು ಹತ್ತು ಸಾವಿರಕ್ಕೆ ಬೆರಳೆಣಿಕೆಯಷ್ಟು ಜನಕ್ಕೆ. ಕ್ಯಾನ್ಸರ್‌ನವರಿಗೆ ಪದೇ ಪದೇ ಕೊಡುವ ದೊಡ್ಡ ಡೋಸಿನಲ್ಲಿ ಜಾಸ್ತಿ. ಆ ಬೆರಳೆಣಿಕೆಯಲ್ಲಿ ಅಮ್ಮ ಸೇರಿಕೊಂಡಳು ಅಷ್ಟೇ. ಸೊಂಟ ಮುರಿದು ಮಲಗಿದವರ ಮನೆ ನೋಡಿದವರಿಗೆ ಯಾವುದು ದೊಡ್ಡದು ಅಂತ ಗೊತ್ತು. ಅದರಲ್ಲೂ ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಡೆನೊಸುಮ್ಯಾಬ್ ಇಂಜೆಕ್ಷನ್ ತಗೊಳ್ಳುವವರು ಸ್ವಂತ ಬುದ್ಧಿಗೆ ನಿಲ್ಲಿಸಿದರೆ ಬೆನ್ನುಮೂಳೆ ಒಂದರ ಮೇಲೊಂದು ಮುರಿಯುವ ಅಪಾಯ ಇದೆ. ನಿಲ್ಲಿಸುವುದು, ಮುಂದೂಡುವುದು ಮೂಳೆ ಡಾಕ್ಟರೂ ಹಲ್ಲಿನ ಡಾಕ್ಟರೂ ಮಾತಾಡಿಕೊಂಡು ಮಾಡುವ ತೀರ್ಮಾನ. ಚಿಕ್ಕಮ್ಮನಿಗೆ ಮಾತ್ರೆ ಮತ್ತೆ ಶುರುಮಾಡಿಸಲು ನಮಗೆ ಎರಡು ತಿಂಗಳು ಬೇಕಾಯಿತು.

ಮೂಳೆ ಸವೆತ ಇದ್ದವರಿಗೆ ಇಂಪ್ಲಾಂಟೇ ಬೇಡ ಅಂತಲೂ ಬೆಂಗಳೂರಿನ ಆ ಡಾಕ್ಟರು ಹೇಳಲಿಲ್ಲ. ಎಷ್ಟೋ ಜನಕ್ಕೆ ಚೆನ್ನಾಗಿಯೇ ಕೂರುತ್ತೆ, ಕಾಯುವ ತಾಳ್ಮೆ ಬೇಕು ಅಂದರು. ಎಲ್ಲಕ್ಕಿಂತ ಒಳ್ಳೆಯದು ಡ್ರಿಪ್ ಶುರುವಾಗುವ ಮೊದಲೇ ಕೀಳುವ ಹಲ್ಲು ಕಿತ್ತು, ಗಾಯ ಮಾಯಿಸಿಕೊಂಡುಬಿಡುವುದು.

ಊರಿಗೆ ಬಂದ ಮೇಲೆ ನಾನು 2019ರ ಫೈಲ್ ಹುಡುಕಿದೆ. ಜವಳಿ ಅಂಗಡಿಯ ಕೈಚೀಲದಲ್ಲಿ, ಕಾಫಿ ಮಾರಿದ ಚೀಟಿಗಳ ಕೆಳಗೆ ಸಿಕ್ಕಿತು. ಮೂರನೇ ಹಾಳೆಯಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ, ಕ್ರಿಯಾಟಿನಿನ್ ಪರೀಕ್ಷೆಗಳ ಕೆಳಗೆ ಮೂಳೆ ಡಾಕ್ಟರ ಗೀಚು ಅಕ್ಷರದಲ್ಲಿ ಒಂದು ಸಾಲು: ಡ್ರಿಪ್ಪಿಗೆ ಮುಂಚೆ ಡೆಂಟಲ್ ಚೆಕಪ್. ರಕ್ತ ಪರೀಕ್ಷೆಗಳನ್ನು ಮಾಡಿಸಿದ್ದೆವು. ಆ ಸಾಲನ್ನು ಓದಿಯೇ ಇರಲಿಲ್ಲ. ಕ್ಲಿನಿಕ್ಕನ್ನು ಬೈಯುವಾಗ ಇದನ್ನು ಮುಚ್ಚಿಟ್ಟರೆ ಸರಿಯಲ್ಲ, ಅದಕ್ಕೆ ಬರೆದೆ.

ಇನ್ನೊಂದು ಸಣ್ಣ ವಿಷಯ, ಯಾರೂ ಹೇಳುವುದಿಲ್ಲ. ಪ್ರತಿ ಇಂಪ್ಲಾಂಟ್ ಡಬ್ಬಿಯಲ್ಲಿ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಸ್ಟಿಕರ್ ಬರುತ್ತೆ. ಅದನ್ನು ಕೇಳಿ ಇಸಿದುಕೊಳ್ಳಿ. ಕಾಲೇಜಿನವರು “ಯಾವ ಕಂಪನಿಯದು?” ಅಂದಾಗ ನಮ್ಮ ಹತ್ತಿರ ಇದ್ದದ್ದು ‘ಪ್ಯಾಕೇಜ್’ ಅಂತ ಬರೆದ ಒಂದು ಬಿಲ್ಲು. ಒಂದೊಂದು ಕಂಪನಿಯ ತಿರುಪಿಗೂ ಬೇರೆ ಬೇರೆ ಕೀಲಿ ಬೇಕಂತೆ. ಕ್ಲಿನಿಕ್ಕಿಗೆ ಎರಡು ಸಲ ಫೋನ್ ಮಾಡಿದೆ, ಉತ್ತರ ಬರಲಿಲ್ಲ.

ಕಾಲೇಜಿನಲ್ಲಿ ಮತ್ತೆ ಕೆರೆಯಲಿಲ್ಲ. ಕ್ಯಾಪ್ ತೆಗೆದರು, ಕ್ಲೋರ್‌ಹೆಕ್ಸಿಡಿನ್ ಬಾಯಿ ಮುಕ್ಕಳಿಸಲು ಕೊಟ್ಟರು, ಕೀವು ಕಂಡಾಗ ಮಾತ್ರ ಆಂಟಿಬಯಾಟಿಕ್. ಸತ್ತ ಮೂಳೆ ತಾನಾಗಿ ಬೇರ್ಪಡಲಿ ಅಂತ ಕಾದರು. ಅಕ್ಟೋಬರಿನಲ್ಲಿ ಅದು ಸಡಿಲಾಗಿ ತಿರುಪಿನ ಸಮೇತ ಬಂತು. ಹುಣಸೆ ಬೀಜದಷ್ಟಿತ್ತು. ಆಮೇಲೆ ವಸಡು ಕೂಡಿಕೊಂಡಿತು. ಕ್ಲಿನಿಕ್ಕಿನವರು ಬಹಳ ಜಗ್ಗಾಡಿ 30,000 ವಾಪಸ್ ಕೊಟ್ಟರು.

ಅಮ್ಮ ಈಗ ಅವಳು ಮೊದಲೇ ಕೇಳಿದ್ದ ಸೆಟ್ ಹಾಕಿಕೊಳ್ಳುತ್ತಾಳೆ, ರಾತ್ರಿ ತೆಗೆದು ಸ್ಟೀಲ್ ಲೋಟದ ನೀರಿಗೆ ಹಾಕಿಡುತ್ತಾಳೆ. ಫೈಲಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ದಪ್ಪಕ್ಷರದಲ್ಲಿ ಔಷಧಿಯ ಹೆಸರು, ಡೋಸು, ನಾಲ್ಕು ವರ್ಷ ಬರೆದು ಅಂಟಿಸಿದ್ದೇನೆ. ಅದರ ಕೆಳಗೆ ಅಮ್ಮ ತನ್ನ ವಕ್ರ ಅಕ್ಷರದಲ್ಲಿ ‘ಹಾಸನಾಂಬೆ’ ಅಂತ ಸೇರಿಸಿಕೊಂಡಿದ್ದಾಳೆ. ಮೊನ್ನೆ ಕಣ್ಣಿನ ತಪಾಸಣೆ ಶಿಬಿರಕ್ಕೂ ಆ ಫೈಲ್ ಹೊತ್ತುಕೊಂಡು ಹೋಗಿದ್ದಳು.