ಹಳೆಯ ಗಿಟಾರ್ ಹಳದಿಯಾಗಿದ್ದರೆ ಥಿನ್ನರ್ ತಾಗಿಸಲು ಬಿಡಬೇಡಿ

ಮನೆಯಲ್ಲಿ ಹಳೆಯ ಎಲೆಕ್ಟ್ರಿಕ್ ಗಿಟಾರ್ ಇರುವವರು, ಅದರಲ್ಲೂ 1960ರ ದಶಕದ್ದೋ ಅದಕ್ಕೂ ಹಿಂದಿನದೋ ಇರುವವರು, ರಿಪೇರಿಗೆ ಕೊಡುವ ಮುನ್ನ ದಯವಿಟ್ಟು ಇದನ್ನು ಓದಿ. ದಾವಣಗೆರೆಯಲ್ಲಿ ನಮ್ಮ ಚಿಕ್ಕಪ್ಪನ ಗಿಟಾರ್‌ಗೆ ಆದದ್ದು ಇನ್ನೊಂದು ಮನೆಯಲ್ಲಿ ಆಗಬಾರದು.

ಚಿಕ್ಕಪ್ಪ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. ಗಿಟಾರ್ ಅಮೆರಿಕದ್ದು; ಮುಂಬೈಯಲ್ಲಿ ಹಡಗಿನ ಕೆಲಸಗಾರರೊಬ್ಬರಿಂದ ಕೊಂಡದ್ದು. ಮೂಲದಲ್ಲಿ ಬಿಳಿ, ನಾವು ಕಂಡಾಗಿನಿಂದ ಬೆಣ್ಣೆಯ ಬಣ್ಣ. ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು ಬರುತ್ತದೆ, ಅದೊಂದನ್ನು ಸರಿಮಾಡಿ ಎಂದು ಅಂಗಡಿಗೆ ಕೊಟ್ಟೆವು. ತರಲು ಹೋದಾಗ ಮುಂಭಾಗದ ಬಣ್ಣವೆಲ್ಲ ಕದಡಿ ಗೀರುಗೀರಾಗಿತ್ತು, ತೋಳು ಊರುವ ಜಾಗದಲ್ಲಿ ಮರವೇ ಕಾಣುತ್ತಿತ್ತು. “ಕೊಳೆ ಹಿಡಿದಿತ್ತು ಸರ್, ಥಿನ್ನರ್‌ನಲ್ಲಿ ಒರೆಸಿದೆ. ಎಲ್ಲ ಗಿಟಾರ್‌ಗಳಿಗೂ ಹೀಗೇ ಮಾಡುತ್ತೇವೆ, ಏನೂ ಆಗುವುದಿಲ್ಲ” ಎಂದರು. ಚಿಕ್ಕಪ್ಪ ಒಂದು ಮಾತೂ ಆಡಲಿಲ್ಲ. ನನಗೆ ಸಿಟ್ಟು ತಡೆಯಲಾಗಲಿಲ್ಲ.

ಆದರೆ ಅವರು ಹೇಳಿದ್ದು ಸುಳ್ಳಲ್ಲ, ಅಪಾಯವಿರುವುದೇ ಅಲ್ಲಿ. ಈಗ ಅಂಗಡಿಗಳಿಗೆ ಬರುವ ಗಿಟಾರ್‌ಗಳಲ್ಲಿ ಬಹುಪಾಲು ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್ ಲೇಪನದವು. ಅವು ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತವೆ. ಥಿನ್ನರ್‌ಗೆ ಸುಲಭವಾಗಿ ಜಗ್ಗುವುದಿಲ್ಲ. ಹಳೆಯ ಅಮೆರಿಕನ್ ಗಿಟಾರ್‌ಗಳದ್ದು ಹೆಚ್ಚಾಗಿ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ ಲೇಪನ. ಅದರಲ್ಲಿ ಬೆರೆಸಿದ ದ್ರಾವಕ, ಅಂದರೆ ಥಿನ್ನರ್‌ನಂಥ ದ್ರವ, ಆರಿಹೋಗುವುದರಿಂದಷ್ಟೇ ಅದು ಗಟ್ಟಿಯಾಗಿರುತ್ತದೆ. ಐವತ್ತು ವರ್ಷ ಕಳೆದ ಮೇಲೂ ಅದೇ ಬಗೆಯ ದ್ರಾವಕ ಬಿದ್ದರೆ ಮತ್ತೆ ಕರಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಎನ್‌ಸಿ ಥಿನ್ನರ್ ಎಂದು ಕೊಡುತ್ತಾರಲ್ಲ, ಆ ಎನ್‌ಸಿ ಎಂದರೆ ಇದೇ ನೈಟ್ರೋಸೆಲ್ಯುಲೋಸ್. ಅದನ್ನು ಕರಗಿಸಲೆಂದೇ ತಯಾರಿಸಿದ್ದನ್ನು ಅದರ ಮೇಲೆಯೇ ತಿಕ್ಕಿದ್ದರು.

ಹಳದಿ ಕೊಳೆಯಲ್ಲ ಎಂಬುದನ್ನೂ ತಿಳಿದಿರಿ. ಬೆಳಕು ಮತ್ತು ಗಾಳಿಗೆ ಈ ಲ್ಯಾಕರ್ ಒಳಗಿನಿಂದಲೇ ಹಳದಿಗೆ ತಿರುಗುತ್ತದೆ. ಬಿಳಿಯ ಮೇಲೆ ಪಾರದರ್ಶಕ ಲೇಪನವಿದ್ದರೆ ಕೆನೆಬಣ್ಣ, ನೀಲಿಯ ಮೇಲಿದ್ದರೆ ಹಸಿರುಛಾಯೆ. ಗಿಬ್ಸನ್ ಕಂಪನಿ 1958ರಿಂದ 1960ರವರೆಗೆ ಮಾಡಿದ ಸನ್‌ಬರ್ಸ್ಟ್ (ಅಂಚಿನ ಕೆಂಪು ನಡುವಿನ ಹಳದಿಗೆ ಬೆರೆಯುವ ಬಣ್ಣದ) ಲೆಸ್ ಪಾಲ್ ಮಾದರಿಯಲ್ಲಿ ಕೆಂಪು ವರ್ಣದ್ರವ್ಯವೇ ಬೆಳಕಿಗೆ ಮಾಸಿ, ಹಲವು ಗಿಟಾರ್‌ಗಳು ಜೇನುಬಣ್ಣಕ್ಕೆ ಬಂದಿವೆ. ಸಂಗ್ರಾಹಕರು ಅವುಗಳಿಗೆ ಭಾರೀ ಬೆಲೆ ಕೊಡುತ್ತಾರೆ. ಪಿಕ್‌ಗಾರ್ಡ್, ಅಂದರೆ ಮುಂಭಾಗಕ್ಕೆ ಗೀರು ಬೀಳದಂತೆ ಹಾಕಿದ ಫಲಕ, ಬಿಚ್ಚಿ ನೋಡಿದರೆ ಬೆಳಕು ತಾಗದ ಜಾಗದಲ್ಲಿ ಮೊದಲಿನ ಬಣ್ಣ ಸಾಮಾನ್ಯವಾಗಿ ಹಾಗೆಯೇ ಉಳಿದಿರುತ್ತದೆ. ನಮ್ಮದರಲ್ಲಿ ಅಷ್ಟು ಬಿಳಿ ಈಗಲೂ ಇದೆ.

ಪೂರ್ತಿ ಹೊಸ ಪೇಂಟ್ ಮಾಡಿಕೊಡುತ್ತೇವೆ ಎಂದು ಅಂಗಡಿಯವರು ಹೇಳಿದರು. ನಾವು ಒಪ್ಪಲಿಲ್ಲ. ಮೂಲ ಲೇಪನ ಹೋದರೆ ಹಳೆಯ ಗಿಟಾರ್‌ನ ಬೆಲೆ ಬಹಳ ಬೀಳುತ್ತದೆ. ಉಳಿದಿರುವುದನ್ನೂ ಕೆರೆದು ತೆಗೆಯಲು ಮನಸ್ಸು ಬರಲಿಲ್ಲ.

ನಿಮ್ಮದು ಯಾವ ಲೇಪನ ಎಂದು ತಿಳಿಯದಿದ್ದರೆ, ಕತ್ತಿನ ಮರ ಕೂರುವ ಗುಂಡಿಯೊಳಗೆ, ಹೊರಗೆ ಕಾಣದ ಕಡೆ, ಹತ್ತಿ ಸುತ್ತಿದ ಕಡ್ಡಿಯಿಂದ ಒಂದು ಹನಿ ಥಿನ್ನರ್ ತಾಗಿಸಿ ನೋಡಬಹುದು. ಅಂಟಂಟಾದರೆ ಲ್ಯಾಕರ್. ಬೇರೆಲ್ಲೂ ಈ ಪರೀಕ್ಷೆ ಬೇಡ. ಒರೆಸಲು ಹಿಂಡಿದ ಒದ್ದೆ ಹತ್ತಿಬಟ್ಟೆ ಸಾಕು, ಸ್ಯಾನಿಟೈಸರ್ ಕೂಡ ಹತ್ತಿರ ತರಬೇಡಿ. ರಬ್ಬರ್ ಸುತ್ತಿದ ಸ್ಟ್ಯಾಂಡ್‌ಗಳ ಮೇಲೆ ತಿಂಗಳುಗಟ್ಟಲೆ ಇಟ್ಟರೂ ಲ್ಯಾಕರ್ ಮೆತ್ತಗಾಗಿ ಕಲೆ ಬೀಳುತ್ತದೆ, ನಡುವೆ ಹತ್ತಿಬಟ್ಟೆ ಇರಲಿ. ಎ.ಸಿ. ಕೋಣೆಯಿಂದ ತಂದು ನಮ್ಮ ಏಪ್ರಿಲ್ ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟು ಹೋಗಬೇಡಿ, ಸಣ್ಣ ಬಿರುಕುಗಳು ಮೂಡುತ್ತವೆ.

ರಿಪೇರಿಗೆ ಕೊಡುವಾಗ “ಒಳಗಿನ ವೈರಿಂಗ್ ಮಾತ್ರ, ಮೇಲ್ಮೈ ಒರೆಸಬಾರದು, ಪಾಲಿಶ್ ಬೇಡ” ಎಂದು ರಸೀದಿಯ ಮೇಲೆಯೇ ಬರೆಸಿಕೊಳ್ಳಿ. ಕೊಡುವ ಮುನ್ನ ಹಿಂದೆ ಮುಂದೆ ಫೋಟೊ ತೆಗೆದಿಟ್ಟುಕೊಳ್ಳಿ.