ಬುಕ್‌ಸ್ಟ್ಯಾಕ್: ಪೀಣ್ಯದ ನಮ್ಮ ಶಾಪ್‌ನಲ್ಲಿ ಮೂರು ವರ್ಷ

ಬುಕ್‌ಸ್ಟ್ಯಾಕ್ ಅಂದರೆ ಕೆಲಸದ ತಿಳಿವಳಿಕೆಯನ್ನು ಪುಟಪುಟವಾಗಿ ಬರೆದಿಡುವ ಸಾಫ್ಟ್‌ವೇರ್. ಸುಳ್ಳೇಕೆ ಹೇಳಲಿ, ಇದನ್ನು ಹಾಕಿಸಿದ್ದು ಕ್ವಾಲಿಟಿ ಆಡಿಟರ್ ಬಾಯಿ ಮುಚ್ಚಿಸೋಕೆ. ಕೆಲಸಕ್ಕೆ ಬೇಕಾದ ತಿಳಿವಳಿಕೆ ಯಾವುದು ಅಂತ ಗುರುತಿಸಿ, ಅದನ್ನು ಕಾಪಾಡಿಕೊಳ್ಳಬೇಕು ಅನ್ನುತ್ತದೆ ಕ್ವಾಲಿಟಿ ಸ್ಟ್ಯಾಂಡರ್ಡ್ ಐಎಸ್‌ಒ 9001:2015ರ ಕಲಂ 7.1.6. ನಮ್ಮದು ಹದಿನಾಲ್ಕು ಜನರ ಟರ್ನಿಂಗ್ ಶಾಪ್, ಅಂದರೆ ಲೇತ್‌ನಲ್ಲಿ ಲೋಹದ ಪಾರ್ಟ್ ಕಡೆಯುವ ಜಾಗ. ತಿಳಿವಳಿಕೆ ಪೂರಾ ಇದ್ದದ್ದು ಮಷಿನ್ ಸೆಟ್ ಮಾಡುವ ಸೆಟ್ಟರ್ ಅಣ್ಣನ ತಲೆಯಲ್ಲಿ. ಅವರ ರಿಟೈರ್‌ಮೆಂಟಿಗೆ ಎರಡೇ ವರ್ಷ ಬಾಕಿ.

ಸಾಫ್ಟ್‌ವೇರ್ ಉಚಿತ, ಓಪನ್ ಸೋರ್ಸ್. ಆಫೀಸಿನ ಹಳೇ ಡೆಸ್ಕ್‌ಟಾಪಿಗೆ ಪರಿಚಯದ ಹುಡುಗನೊಬ್ಬ ಒಂದು ಭಾನುವಾರ ಕೂತು ಹಾಕಿಕೊಟ್ಟ. ಶೆಲ್ಫ್, ಪುಸ್ತಕ, ಅಧ್ಯಾಯ, ಪುಟ, ಇಷ್ಟೇ ಜೋಡಣೆ. ನಾವು ಕಸ್ಟಮರ್‌ಗೊಂದು ಶೆಲ್ಫ್, ಪಾರ್ಟ್‌ಗೊಂದು ಪುಸ್ತಕ ಮಾಡಿಕೊಂಡೆವು. ಶಾಪ್‌ನ ವೈಫೈ ಇದ್ದರೆ ಫೋನಿನ ಬ್ರೌಸರ್‌ನಲ್ಲೇ ತೆರೆಯುತ್ತದೆ. ಕನ್ನಡದಲ್ಲಿ ಬರೆಯಲು ತೊಂದರೆಯಾಗಿಲ್ಲ.

ಮೊದಲ ಆರು ತಿಂಗಳು ಡ್ರಾಯಿಂಗ್‌ನಲ್ಲಿದ್ದದ್ದನ್ನೇ ಕಾಪಿ ಹೊಡೆದೆವು. ಯಾರೂ ತೆರೆದೂ ನೋಡಲಿಲ್ಲ.

ಆಮೇಲೆ ಒಂದು ಅಲ್ಯೂಮಿನಿಯಂ ಬುಷ್ (ಕೊಳವೆಯಂಥ ಪಾರ್ಟ್) ಬಂತು. ತೆಳು ಗೋಡೆಯದು. ಮಷಿನ್ ಪ್ರೋಗ್ರಾಮಿನಲ್ಲಿ ಫಿನಿಷ್ ಬೋರಿಂಗ್‌ಗೆ, ಅಂದರೆ ಒಳತೂತನ್ನು ಕೊನೆಯ ಸಲ ಕೊರೆಯುವುದಕ್ಕೆ ಮುಂಚೆ ಒಂದು ಎಂ00 ಇತ್ತು, ಅಂದರೆ ಮಷಿನ್ ಅಲ್ಲಿ ನಿಲ್ಲುತ್ತದೆ. ಅಣ್ಣ ಊರ ಜಾತ್ರೆಗೆ ಹೋಗಿದ್ದರು. ಸುಮ್ಮನೆ ಟೈಮ್ ವೇಸ್ಟ್ ಅಂತ ಹೊಸ ಹುಡುಗ ಅದನ್ನು ತೆಗೆದುಬಿಟ್ಟ. ನಲವತ್ತು ಪೀಸ್ ರಿಜೆಕ್ಟ್. ಪೀಸನ್ನು ಜಾ ಅನ್ನೋ ಹಲ್ಲುಗಳಿಂದ ಕಚ್ಚಿ ಹಿಡಿಯುವ ಚಕ್‌ನಲ್ಲಿದ್ದಾಗ ಬೋರ್ (ಒಳತೂತು) ಗುಂಡಗಿತ್ತು, ಬಿಚ್ಚಿದ ಮೇಲೆ ಮೂರು ಮೂಲೆ. ಅಣ್ಣ ಬಂದು ನಕ್ಕರು. "ಜಾ ಬಿಗಿ ಹಿಡಿದ್ರೆ ಪೀಸ್ ಒಳಕ್ಕೆ ಒತ್ಕೊಳ್ತದೆ ಸಾರ್. ಹಂಗೇ ಗುಂಡಗೆ ಕೊರೆದ್ರೆ, ಬಿಟ್ಟಾಗ ಅದು ತಿರುಗಿ ಅರಳ್ತದೆ. ಎಂ00ನಲ್ಲಿ ನಿಲ್ಸಿ, ಚಕ್ ಸಡಿಲ ಮಾಡಿ, ಹಗುರಕ್ಕೆ ಹಿಡೀಬೇಕು." ಯಾಕೆ ಬರೆದಿಟ್ಟಿಲ್ಲ ಅಂದೆ. "ನೀವು ಕೇಳ್ಲಿಲ್ವಲ್ಲ."

ಅವತ್ತಿಂದ ಪ್ರತಿ ಪುಟದ ತಲೆಗೆ 'ಯಾಕೆ' ಅನ್ನೋ ಒಂದು ಸಾಲು ಕಡ್ಡಾಯ. ಅಣ್ಣ ಟೈಪ್ ಮಾಡುವವರಲ್ಲ; ರಿಜೆಕ್ಷನ್ ಆದ ದಿನವೇ ಯಾರಾದರೂ ಅವರ ಪಕ್ಕ ನಿಂತು ಕೇಳಿ ಬರೆಯಬೇಕು. ವಾರ ಬಿಟ್ಟರೆ ಅವರಿಗೂ ನೆನಪಿರಲ್ಲ, ನಮಗೂ ಆಸಕ್ತಿ ಇರಲ್ಲ. ಡ್ರಾಯಿಂಗ್ ಫೋಲ್ಡರ್ ಮೇಲೆ ಪುಟದ ಕ್ಯೂಆರ್ ಅಂಟಿಸಿದ ಮೇಲಂತೂ ಹುಡುಗರು ತಾವಾಗೇ ತೆರೆಯುತ್ತಾರೆ. ಯಾರು ಯಾವಾಗ ಏನು ಬದಲಿಸಿದರು ಅನ್ನುವುದೂ ಉಳಿಯುತ್ತದೆ. ಜಗಳ ಬಿಡಿಸಲು ಇದು ಬಹಳ ಉಪಯೋಗ.

ತಲೆನೋವು ಹುಡುಕಾಟದ್ದು. ಒಬ್ಬ 'ಬುಷ್' ಅಂತ ಬರೆದರೆ ಇನ್ನೊಬ್ಬ 'ಬುಶ್', ಮತ್ತೊಬ್ಬ 'ಬುಶ್ಶು'. ಒಂದು ಹುಡುಕಿದರೆ ಇನ್ನೊಂದು ಸಿಗದು. ಈಗ ಪಾರ್ಟ್ ನಂಬರನ್ನೇ ಟ್ಯಾಗ್ ಮಾಡುತ್ತೇವೆ. ಮತ್ತೆ, ಬ್ಯಾಕಪ್ ನಿಮ್ಮದೇ ಜವಾಬ್ದಾರಿ. ಹಾರ್ಡ್ ಡಿಸ್ಕ್ ಕೈಕೊಟ್ಟಾಗ ಎರಡು ತಿಂಗಳ ಪುಟಗಳು ಹೋದವು, ತಪ್ಪು ನಮ್ಮದೇ.

ಐದಕ್ಕೆ ನಾಲ್ಕು ಕೊಡುತ್ತೇನೆ. ನಾಲ್ಕೈದು ಜನರ ಶಾಪ್ ಆದರೆ ಇದೆಲ್ಲ ಬೇಡ, ಒಂದು ಲಾಂಗ್ ನೋಟ್‌ಬುಕ್ ಸಾಕು.

ಅಣ್ಣ ರಿಟೈರ್ ಆಗಿ ವರ್ಷವಾಯಿತು. ಇನ್ಸರ್ಟ್ (ಲೋಹ ಕತ್ತರಿಸುವ ಟೂಲಿನ ತುದಿ) ಸವೆದಾಗ ಬರುವ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಪುಟಕ್ಕೆ ಸೇರಿಸಿದ್ದೇವೆ. ಕೇಳಿದರೆ ಬರೀ ಕಂಪ್ರೆಸರ್ ಗಲಾಟೆ. ಹಾಗಾಗಿ ಅದರ ಕೆಳಗೆ ಅವರ ನಂಬರ್ ಹಾಕಿದೆ. 'ಭಾನುವಾರ ಬೇಡ' ಅಂತ ಪಕ್ಕದಲ್ಲೇ ಬರೆಸಿದ್ದು ಅವರು.